ಕುಸುಬೆಯ ಕೊಯ್ಲು, ಕಾಣದ ಪರೀಕ್ಷಕರು

ಕಟಕೋಳದ ನಮ್ಮ ಹೊಲದಲ್ಲಿ ಅವ್ವ ಪ್ರತಿ ಹಿಂಗಾರಿಗೆ ಬಿಳಿಜೋಳದ ನಡುವೆ ಕುಸುಬೆಯ ಸಾಲು ಹಾಕುತ್ತಾಳೆ. ಮನೆಗೆ ಎಣ್ಣೆಯಾಗುತ್ತದೆ, ಮುಳ್ಳಿನ ಗಿಡವಾದ್ದರಿಂದ ದನಗಳು ಒಳಗೆ ನುಗ್ಗುವುದಿಲ್ಲ. ಆದರೆ ಕೊಯ್ಲಿನ ಹೊತ್ತಿಗೆ ಗಿಡ ಒಣಗಿ, ಎಲೆಯಂಚಿನ ಒಂದೊಂದು ಮುಳ್ಳೂ ಸೂಜಿಯಂತಾಗಿರುತ್ತದೆ. ಅದಕ್ಕೇ ಹೆಂಗಸರು ನಸುಕಿನಲ್ಲೇ ಹೊಲಕ್ಕೆ ಹೋಗಿ, ಇಬ್ಬನಿಗೆ ಮುಳ್ಳು ಮೆತ್ತಗಿರುವಾಗ, ಕೈಗೆ ಹಳೆಯ ಸೀರೆಯ ತುಂಡು ಸುತ್ತಿಕೊಂಡು ಕೊಯ್ಯುತ್ತಾರೆ. ಬಿಸಿಲು ಚುರುಗುಟ್ಟಿತೆಂದರೆ ಕೆಲಸ ನಿಂತಂತೆ. ನಾನು ಸಾಲೆಗೆ ಹೋಗುತ್ತಿದ್ದಾಗ ಸುಗ್ಗಿಯ ಸಂಜೆಗಳಲ್ಲಿ ಅವ್ವನ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯುವುದು ನನ್ನ ಕೆಲಸವಾಗಿತ್ತು. ಅವಳು ಆ ಹೊತ್ತಿನಲ್ಲಿ ಪಕ್ಕದ ಮನೆಯವರ ಸುದ್ದಿ ಹೇಳಿ ನಗುತ್ತಿದ್ದಳು. ನೋವಾದರೆ ಮಾತ್ರ ಕೈ ಹಿಂದಕ್ಕೆಳೆದುಕೊಂಡು ಮತ್ತೆ ಚಾಚುತ್ತಿದ್ದಳು.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಮೇಲೆ ನನ್ನನ್ನು ಬೈಲಹೊಂಗಲಕ್ಕೆ ಕೊಟ್ಟರು. ಗಂಡನಿಗೆ ನೇಸರಗಿ ರಸ್ತೆಯ ಮೇಲೆ ಒಂದು ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿಯ ಜಾಳಿಗೆ, ಟ್ರ್ಯಾಕ್ಟರ್ ಟ್ರೇಲರಿನ ಕೊಂಡಿ, ಇಂಥವೇ ಕೆಲಸ. ನಾನು ಅಳತೆ, ನಕಾಶೆ, ಗಿರಾಕಿಗಳ ಮಾತು ನೋಡಿಕೊಳ್ಳುತ್ತೇನೆ, ಅವರು ಬೆಂಕಿಯ ಕೆಲಸ ನೋಡಿಕೊಳ್ಳುತ್ತಾರೆ. ಒಂದು ವರ್ಷ ಸುಗ್ಗಿ ಮುಗಿಸಿ ನಮ್ಮನೆಗೆ ಬಂದ ಅವ್ವನಿಗೆ ರೊಟ್ಟಿ ಬಡಿಯಲು ಆಗಲಿಲ್ಲ. ಬೆರಳುಗಳು ಬಾತು ಕೆಂಪಗಾಗಿದ್ದವು. ಅಂಗಡಿಗೆ ಬಂದು ಕಬ್ಬಿಣದ ರಾಶಿಯ ನಡುವೆ ಸ್ಟೂಲಿನ ಮೇಲೆ ಕುಳಿತು ಅವಳು ಅಂದಳು:

"ಇಷ್ಟ ಕಬ್ಬಿಣದಾಗ ಕುಂತೀಯಲ್ಲ. ನನಗ ಒಂದ ಉದ್ದನ್ನ ಕೈ ಮಾಡಿ ಕೊಡಾಕ ಆಗೂದಿಲ್ಲೇನ?"

ನಗುತ್ತಲೇ ಅಂದಿದ್ದಳು. ನಾನು ಮಾತ್ರ ಆ ವಾರವೇ ಶುರು ಮಾಡಿದೆ.

ಮೊದಲು ಮಾಡಿದ್ದು ಉದ್ದ ಹಿಡಿಕೆಯ ಕತ್ತರಿ. ಅದು ಅಂಗಡಿಯ ಹಿಂದಿನ ಒಣ ಮುಳ್ಳುಗಿಡವನ್ನೇನೋ ಕತ್ತರಿಸಿತು, ಆದರೆ ಬಿದ್ದ ಗಿಡವನ್ನು ಮತ್ತೆ ಕೈಯಿಂದಲೇ ಎತ್ತಬೇಕಾಯಿತು. ಆಮೇಲೆ ಕಾಂಡವನ್ನು ಕಚ್ಚಿ ಹಿಡಿಯುವ ಇಕ್ಕಳ ಸೇರಿಸಿದೆ. ಹಿಡಿದು ಎತ್ತಿದಾಗ ಹರಡಿದ ಕೊಂಬೆಗಳು ಮೊಣಕೈಗೆ ಗೀರಿದವು. ಕೊನೆಗೆ ಗಿಡದ ಸುತ್ತ ತಬ್ಬುವಂಥ ಒಂದು ಕಬ್ಬಿಣದ ಬಳೆ ಮಾಡಿದೆ. ಹಿಡಿಕೆಯಲ್ಲಿ ಸೈಕಲ್ಲಿನ ಬ್ರೇಕಿನಂಥದೇ ಒಂದು ಸನ್ನೆ. ಅದನ್ನು ಎಳೆದರೆ ಮೊದಲು ಬಳೆ ಮುಚ್ಚಿ ಕೊಂಬೆಗಳನ್ನು ಒಟ್ಟುಗೂಡಿಸುತ್ತದೆ, ಆಮೇಲೆ ಇಕ್ಕಳ ಕಾಂಡವನ್ನು ಹಿಡಿಯುತ್ತದೆ, ಎಲ್ಲಕ್ಕಿಂತ ಕೊನೆಗೆ ಅಲಗು ಬುಡವನ್ನು ಕೊಯ್ಯುತ್ತದೆ. ಗಿಡವನ್ನು ಹಾಗೇ ಎತ್ತಿ ಗುಂಪಿಗೆ ಹಾಕಿ ಸನ್ನೆ ಬಿಟ್ಟರಾಯಿತು.

ಮುಂದಿನ ಸುಗ್ಗಿಯಲ್ಲಿ ಅವ್ವ ಅದನ್ನು ಹೊಲಕ್ಕೆ ಒಯ್ದ ದಿನ ನಾನೂ ಜೊತೆಗಿದ್ದೆ. ಸಾಲಿನಿಂದ ಸಾಲಿಗೆ ಹೋಗುವಾಗ ಅವಳ ಬೆರಳು ಸುಮ್ಮನೆ ಸನ್ನೆಯ ಮೇಲೆ ಒತ್ತಿತು, ಅಲಗು ಅವಳ ಪಾದದ ಪಕ್ಕದಲ್ಲೇ ಚಟಕ್ಕನೆ ಬಡಿಯಿತು. ನಾನು ಓಡಿಹೋಗಿ ಸಲಕರಣೆಯನ್ನು ಅವಳ ಕೈಯಿಂದ ಇಸಿದುಕೊಂಡೆ. ಮರುದಿನವೇ ಅಂಗಡಿಗೆ ಬಂದು ಒಂದು ಸಣ್ಣ ಕೊಂಡಿ ಸೇರಿಸಿದೆ. ಬಳೆ ಏನನ್ನಾದರೂ ತಬ್ಬಿ ಪೂರ್ತಿ ಮುಚ್ಚದ ಹೊರತು ಆ ಕೊಂಡಿ ಅಲಗನ್ನು ಬಿಡುವುದಿಲ್ಲ. ಗಂಡ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನ ಕೃಷಿ ಪ್ರದರ್ಶನಕ್ಕ ಒಯ್ಯೂಣು. ಮಂದಿ ಮುಗಿಬೀಳತಾರ ನೋಡ," ಅಂದರು.

ನಾನು ಹಾಗೆ ಒಯ್ಯುವ ಮೊದಲು ಸವದತ್ತಿಗೆ ಫೋನ್ ಮಾಡಿದ್ದು ನನ್ನ ಪುಣ್ಯ. ಡಿಪ್ಲೊಮಾದಲ್ಲಿ ನನಗೆ ಭೌತಶಾಸ್ತ್ರ ಕಲಿಸಿದ್ದ ಅಕ್ಕೋರು ಅಲ್ಲಿರುತ್ತಾರೆ. ಪಾಠ ಹೇಳುವುದನ್ನು ಬಿಟ್ಟು ಪೇಟೆಂಟ್ ಏಜೆಂಟರ ಪರೀಕ್ಷೆ ಪಾಸು ಮಾಡಿ, ಮನೆಯ ಮೇಲಿನ ಕೋಣೆಯಲ್ಲೇ ಆ ಕೆಲಸ ಮಾಡಿಕೊಂಡಿದ್ದಾರೆ. ಹೊಸದಾಗಿ ಏನನ್ನಾದರೂ ಕಂಡುಹಿಡಿದವರ ಪರವಾಗಿ ಸರಕಾರಕ್ಕೆ ಅರ್ಜಿ ಬರೆಯುವುದು, ಅದನ್ನು ಬೇರೆಯವರು ನಕಲು ಮಾಡದಂತೆ ಕೆಲವು ವರ್ಷಗಳ ಹಕ್ಕು ಕೊಡಿಸುವುದು ಅವರ ಕೆಲಸ. ನನ್ನ ಮಾತು ಅರ್ಧಕ್ಕೆ ತಡೆದು ಅವರು ಕೇಳಿದರು:

"ಹೊರಗಿನವರಿಗೆ ಯಾರಿಗರ ತೋರಿಸೀಯೇನು?"

"ಇಲ್ರಿ ಅಕ್ಕೋರ. ಅವ್ವನ ಹೊಲದಾಗ ನಾವ ನಾವ ಇದ್ವಿ."

"ಛಲೋ ಆತು. ಪ್ರದರ್ಶನಕ್ಕ ಇಟ್ಟಿಯಂದ್ರ ಅದು ಹೊಸಾದು ಅಂತ ಹೇಳಾಕ ತ್ರಾಸ ಆಗತೈತಿ. ಮೊದಲ ಅರ್ಜಿ ಹಾಕೂಣು, ಆಮ್ಯಾಲೆ ಊರಿಗೆಲ್ಲಾ ತೋರಸು. ನಾಳೆ ಬಸ್ ಹತ್ತಿ ಬಂದ ಬಿಡು."

ಅವರ ಮನೆಯ ಮೇಲಿನ ಕೋಣೆಯ ಗೋಡೆಗೆ ಬುದ್ಧನ ಒಂದು ಪಟ, ಕಿಟಕಿಯ ಪಕ್ಕ ಕಂಪ್ಯೂಟರು, ನೆಲದ ಮೇಲೆ ಚಾಪೆ. ಆ ಚಾಪೆಯ ಮೇಲೆ ಕಾಗದ ಹರವಿಕೊಂಡು ನಾನು ಚಿತ್ರ ಬರೆದೆ, ಅವರು ಒಂದೊಂದು ಭಾಗಕ್ಕೂ ಹೆಸರಿಟ್ಟು ವಿವರ ಬರೆದರು. ಕೊಂಡಿಯಂಥ ಚಿಕ್ಕ ಸಂಗತಿಯನ್ನೂ ಬಿಡಲಿಲ್ಲ. "ಇವತ್ತ ಬರೀಲಿಲ್ಲ ಅಂದ್ರ ನಾಳೆ ಸೇರಸಾಕ ಬರೂದಿಲ್ಲ," ಎನ್ನುತ್ತಿದ್ದರು. ಅರ್ಜಿ ಹೋಯಿತು. ಪರೀಕ್ಷೆ ಮಾಡಿ ಎಂದು ಕೋರಿಕೆಯೂ ಹೋಯಿತು. ಆಮೇಲೆ ನಾವು ನಮ್ಮ ಗೇಟು ಜಾಳಿಗೆಗಳಿಗೆ ಮರಳಿದೆವು.

ಬಹಳ ಕಾಲದ ಮೇಲೆ ಪೇಟೆಂಟ್ ಕಚೇರಿಯ ಪರೀಕ್ಷಕರ ವರದಿ ಬಂತು. ಅಕ್ಕೋರು ಅದನ್ನು ಫೋನಿನಲ್ಲಿ ಕಳಿಸಿದ್ದರು. ಅಂಗಡಿಯ ಬಾಗಿಲಲ್ಲಿ ನಿಂತು ಓದಿದೆ, ಪುಟ ಸರಿಸಿದಷ್ಟೂ ಆಕ್ಷೇಪಣೆ. ಕಾಂಡ ಹಿಡಿದು ಕತ್ತರಿಸುವ ಸಾಧನ ಹಣ್ಣಿನ ತೋಟಗಳಲ್ಲಿ ಮೊದಲೇ ಇದೆ. ಪೈರನ್ನು ಒಟ್ಟುಗೂಡಿಸುವ ಬಳೆಯೂ ಇನ್ನೊಂದು ಹಳೆಯ ಯಂತ್ರದಲ್ಲಿದೆ. ನೀವು ಮಾಡಿದ್ದು ತಮ್ಮ ಪಾಡಿಗೆ ತಾವು ಕೆಲಸ ಮಾಡುವ ಎರಡು ಹಳೆಯ ವಸ್ತುಗಳ ಜೋಡಣೆ ಮಾತ್ರ, ಅದಕ್ಕೆ ಕಾನೂನಿನಲ್ಲಿ ಹಕ್ಕು ಸಿಗುವುದಿಲ್ಲ. ವರದಿಯ ತಾತ್ಪರ್ಯ ಹೀಗಿತ್ತು.

ಗಂಡ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡರು. "ಹೋಗ್ಲಿ ಬಿಡು. ಅವ್ವನ ಕೈ ಅಂತೂ ಉಳೀತಲ್ಲ," ಅಂದರು. ಸಮಾಧಾನಕ್ಕೆಂದು ಹೇಳಿದ ಮಾತು. ನನಗೆ ಮಾತ್ರ ಸಮಾಧಾನವಾಗಲಿಲ್ಲ.

ಮುಂದಿನ ಭಾನುವಾರ ಸವದತ್ತಿಗೆ ಹೋದಾಗ ಅಕ್ಕೋರು ಉತ್ತರ ಬರೆಯಲು ಕುಳಿತಿರಲಿಲ್ಲ. ಆ ವರದಿಗೆ ಹೆಸರು ಹಾಕಿದ್ದ ಪರೀಕ್ಷಕರು ಈ ಹಿಂದೆ ಪರೀಕ್ಷಿಸಿದ್ದ ಅರ್ಜಿಗಳನ್ನೆಲ್ಲ ಕಚೇರಿಯ ಜಾಲತಾಣದಿಂದ ಹುಡುಕಿ ತೆಗೆಯುತ್ತಿದ್ದರು. ಅವೆಲ್ಲ ಯಾರು ಬೇಕಾದರೂ ನೋಡಬಹುದಾದ ಕಡತಗಳು ಎಂಬುದೇ ನನಗೆ ಗೊತ್ತಿರಲಿಲ್ಲ. ಬೇಸಾಯದ ಸಲಕರಣೆಗಳಿಗೆ ಸಂಬಂಧಿಸಿದ್ದನ್ನು ಅಕ್ಕೋರು ಬೇರೆ ಮಾಡಿ, ಯಾವುದಕ್ಕೆ ಹಕ್ಕು ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಎಂದು ಗುರುತು ಹಾಕಿದ್ದರು. ನಾನು ಬಗ್ಗಿ ನೋಡಿದೆ. ಸಿಗದವುಗಳೇ ಹೆಚ್ಚಿದ್ದವು.

"ಭಾಳ ಬಿಗಿ ಮನಶಾ ಅದಾರಲ್ರಿ ಇವರು," ಅಂದೆ.

"ಹಂಗ ಕಾಣತೈತಿ. ನಂಗೂ ನಿನ್ನೆ ಹಂಗ ಅನಸಿತ್ತು. ಬಾ ಇಲ್ಲೆ, ಸಿಗದ ಇದ್ದದ್ದನ್ನ ಒಂದೊಂದ ತಗದ ಓದೂಣು."

ಓದುತ್ತ ಹೋದೆವು. ಮೊದಲನೆಯದು ತೆರೆದರೆ, ಅರ್ಜಿ ಹಾಕಿದವರು ವರದಿಗೆ ಉತ್ತರವನ್ನೇ ಕೊಟ್ಟಿರಲಿಲ್ಲ. ಗಡುವು ಮುಗಿದು ಅರ್ಜಿ ತಾನಾಗಿಯೇ ಬಿದ್ದುಹೋಗಿತ್ತು. ಎರಡನೆಯದೂ ಹಾಗೇ. ಅದರ ಮುಂದಿನದೂ ಹಾಗೇ. ಸಿಗದವುಗಳಲ್ಲಿ ಬಹುಪಾಲು ಇಂಥವೇ ಇದ್ದವು. ಆಕ್ಷೇಪಣೆ ಕಂಡು ಎದೆಗುಂದಿ ಕೈಬಿಟ್ಟವು. ಅವುಗಳನ್ನು ಬದಿಗಿಟ್ಟು ಉತ್ತರ ಕೊಟ್ಟವರನ್ನಷ್ಟೇ ನೋಡಿದಾಗ ಚಿತ್ರವೇ ಬೇರೆಯಾಗಿತ್ತು. ಅವರಲ್ಲಿ ಹೆಚ್ಚಿನವರಿಗೆ ಹಕ್ಕು ಸಿಕ್ಕಿತ್ತು.

"ನೋಡಿದಿ?" ಎಂದು ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಇವರು ಯಾರನ್ನೂ ಹೊರಗ ಹಾಕಿಲ್ಲ. ಮಂದಿ ತಾವ ಎದ್ದ ಹೋಗ್ಯಾರ."

ಪರೀಕ್ಷಕರೆಂದರೆ ನನ್ನ ಕಣ್ಣ ಮುಂದೆ ಅಲ್ಲಿಯವರೆಗೆ ಬಾಗಿಲು ಅಡ್ಡಗಟ್ಟಿ ನಿಂತ ಒಬ್ಬ ಮನುಷ್ಯನಿದ್ದ. ಆ ಮಧ್ಯಾಹ್ನ ಅವನ ಜಾಗದಲ್ಲಿ ಮೇಜಿನ ಮುಂದೆ ಕುಳಿತು, ಬಾರದ ಉತ್ತರಕ್ಕೆ ಕಾಯುವ ಒಬ್ಬರು ಕಾಣಿಸಿದರು.

ಅಕ್ಕೋರು ಅಷ್ಟಕ್ಕೇ ನಿಲ್ಲಲಿಲ್ಲ. ಎಂಥ ಉತ್ತರಕ್ಕೆ ಈ ಪರೀಕ್ಷಕರು ಒಪ್ಪುತ್ತಾರೆ ಎಂಬುದು ಅವರಿಗೆ ಬೇಕಿತ್ತು. ನಮಗೆ ಬಂದಿದ್ದ 'ಬರೀ ಜೋಡಣೆ' ಎಂಬ ಆಕ್ಷೇಪಣೆಯೇ ಇನ್ನೂ ಕೆಲವರಿಗೆ ಬಂದಿತ್ತು. ಅವರ ಉತ್ತರಗಳನ್ನು ಓದುವುದರಲ್ಲಿ ಹಲವು ಭಾನುವಾರ ಕಳೆದವು. ಕಾನೂನಿನ ಮಾತು ಅಕ್ಕೋರು ನನಗೆ ಬಿಡಿಸಿ ಹೇಳುತ್ತಿದ್ದರು, ಯಂತ್ರದ ಚಿತ್ರಗಳನ್ನು ನಾನು ಅವರಿಗೆ ಬಿಡಿಸಿ ಹೇಳುತ್ತಿದ್ದೆ. ಮಧ್ಯಾಹ್ನ ಅವರ ತಂಗಿ ಕೆಳಗಿನಿಂದ ಜುಣಕದ ವಡಿ, ಬಿಸಿ ರೊಟ್ಟಿ ತಂದಿಟ್ಟು, "ಇನ್ನೂ ಎಷ್ಟ ಓದತೀರವಾ?" ಎಂದು ಗದರಿಸಿ ಹೋಗುತ್ತಿದ್ದಳು. ಕಲಿಯುವ ದಿನಗಳು ಮುಗಿದವೆಂದುಕೊಂಡಿದ್ದ ನನಗೆ ಆ ಚಾಪೆಯ ಮೇಲಿನ ಭಾನುವಾರಗಳು ಸಿಕ್ಕಿದ್ದು ಎಂಥ ಭಾಗ್ಯ ಎಂದು ಈಗಲೂ ಅನಿಸುತ್ತದೆ.

ಕಡೆಗೆ ಒಂದು ವಿಷಯ ಸ್ಪಷ್ಟವಾಯಿತು. ನಮ್ಮದು ಮಹತ್ತರವಾದದ್ದು, ಅನನ್ಯವಾದದ್ದು ಎಂದು ಪುಟಗಟ್ಟಲೆ ವಾದಿಸಿದವರಿಗೆ ಆ ಆಕ್ಷೇಪಣೆ ಹಾಗೇ ಉಳಿದಿತ್ತು. ಒಂದು ಭಾಗದ ಚಲನೆ ಇನ್ನೊಂದರ ಮೇಲೆ ಹೇಗೆ ನಿಂತಿದೆ ಎಂದು ಚಿತ್ರದಲ್ಲೇ ಬೆರಳಿಟ್ಟು ತೋರಿಸಿ, ಬಳಸಿ ನೋಡಿದ್ದಕ್ಕೆ ಸಾಕ್ಷಿ ಕೊಟ್ಟವರಿಗೆ ಆಕ್ಷೇಪಣೆ ಬಿಟ್ಟುಹೋಗಿತ್ತು.

"ಆದ್ರ ಇದರ ಮ್ಯಾಲೆ ಪೂರಾ ಭಾರ ಹಾಕಬ್ಯಾಡ," ಎಂದೂ ಅವರು ಎಚ್ಚರಿಸಿದರು. "ಇರೂವ ಕಡತ ಕಡಿಮಿ. ಇದರಿಂದ ಅವರ ರೀತಿ ತಿಳೀತೈತಿ, ನಾಳೆ ಏನ ಅಂತಾರ ಅನ್ನೂದು ತಿಳಿಯೂದಿಲ್ಲ."

ನನ್ನೊಳಗೊಂದು ಅಳುಕಿತ್ತು. ಕೇಳಿಯೇ ಬಿಟ್ಟೆ. "ಅಕ್ಕೋರ, ಹಿಂಗ ಒಬ್ಬರ ಕೆಲಸಾ ಹಿಂದಿಂದ ಹುಡುಕಿ ನೋಡೂದು ಸರಿ ಏನ್ರಿ?"

ಅವರು ಕಂಪ್ಯೂಟರ್ ಬಿಟ್ಟು ನನ್ನ ಕಡೆ ತಿರುಗಿದರು. "ನಾ ಪಾಠಾ ಹೇಳೂವಾಗ, ನೀವು ಹುಡುಗ್ಯಾರು ನನ್ನ ಹಳೇ ಪ್ರಶ್ನಪತ್ರಿಕಿ ಓದಕೊಂಡ ಬರತಿದ್ರಿ. ನನಗ ಸಿಟ್ಟ ಬರತಿದ್ದಿಲ್ಲ. ಏನ ಕೇಳತೇನಿ ಅಂತ ಲಕ್ಷ್ಯ ಕೊಟ್ಟಾರಲ್ಲ ಅಂತ ಖುಷಿ ಆಗತಿತ್ತು. ಆದ್ರ ಉತ್ತರಾ ಖರೇ ಇರಬೇಕು, ಅಷ್ಟ."

ಹಾಗೆ ನಾವು ಉತ್ತರಕ್ಕೆ ಕೂತೆವು. ಮೊದಲ ಅರ್ಜಿಯಲ್ಲಿ ನಾವು ಎಲ್ಲ ಮುಳ್ಳಿನ ಬೆಳೆಗಳಿಗೂ, ಹಿಡಿದು ಕೊಯ್ಯುವ ಎಲ್ಲ ಬಗೆಯ ಸಾಧನಗಳಿಗೂ ಹಕ್ಕು ಕೇಳಿದ್ದೆವು. ಅದನ್ನು ಚಿಕ್ಕದು ಮಾಡಿ, ಒಂದೇ ಸನ್ನೆಗೆ ಬಳೆ, ಇಕ್ಕಳ, ಅಲಗು ಒಂದರ ಹಿಂದೆ ಒಂದು ನಡೆಯುವ ಕ್ರಮಕ್ಕೆ ಮಾತ್ರ ಕೇಳೋಣ ಎಂದರು ಅಕ್ಕೋರು. ಸಾಧ್ಯವಾದರೆ ಕೊಂಡಿಯನ್ನೂ ಮುಖ್ಯ ಬೇಡಿಕೆಯೊಳಗೆ ಸೇರಿಸೋಣ, ಅದಿದ್ದರೆ 'ಬರೀ ಜೋಡಣೆ' ಎನ್ನಲು ಬರುವುದೇ ಇಲ್ಲ ಎಂದರು. ಗಂಡನಿಗೆ ಇದು ಹಿಡಿಸಲಿಲ್ಲ.

"ಕೊಂಡಿ ಅಂತ ಬರದ್ರ ಹಕ್ಕು ಕೊಂಡಿ ಇದ್ದದ್ದಕ್ಕಷ್ಟ ಸಿಗತೈತಿ, ಬ್ಯಾರೆದವರು ಕೊಂಡಿ ತಗದ ಅದನ್ನ ಮಾಡತಾರಲ್ರಿ," ಎಂದು ಅವರು ಫೋನಿನಲ್ಲಿ ವಾದಿಸಿದರು. ಅದೂ ಸುಳ್ಳಲ್ಲ ಎನಿಸಿತು ನನಗೆ. ಅಕ್ಕೋರು ಬಲವಂತ ಮಾಡಲಿಲ್ಲ. "ಅರ್ಜಿ ನಿಮ್ಮದು. ಹಂಗಾರ ಕೊಂಡಿ ಸದ್ಯಕ್ಕ ಎರಡನೇ ಬೇಡಿಕಿ ಆಗಿ ಇರಲಿ," ಅಂದರು.

ಸಾಕ್ಷಿಗಾಗಿ ಅವ್ವನ ಹೊಲದಲ್ಲಿ ಕೊಯ್ಲಿನ ಚಿತ್ರೀಕರಣ ಮಾಡಿದೆವು. ಒಂದು ಸಾಲು ಕೈಯಿಂದ, ಒಂದು ಸಾಲು ನಮ್ಮ ಸಲಕರಣೆಯಿಂದ. ಬೇಕೆಂದೇ ಬಿಸಿಲೇರಿದ ಮೇಲೆ, ಮುಳ್ಳು ಗರಿಗರಿ ಒಣಗಿದ್ದಾಗ ಮಾಡಿದೆವು. ಕೈಯಿಂದ ಕೊಯ್ಯಲು ಒಪ್ಪಿದ್ದ ಪಕ್ಕದ ಹೊಲದ ದೊಡ್ಡವ್ವ ಅರ್ಧ ಸಾಲಿಗೇ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಎಸೆದು, "ನನಗೂ ಅದನ್ನ ಕೊಡ್ರಿ, ಇಲ್ಲಂದ್ರ ನಾ ಮನಿಗೆ ಹೊಂಟೆ," ಎಂದು ಕ್ಯಾಮೆರಾದ ಮುಂದೆಯೇ ಜಗಳ ತೆಗೆದಳು. ಆ ಭಾಗವನ್ನು ತೆಗೆದುಹಾಕೋಣವೇ ಎಂದು ಕೇಳಿದರೆ ಅಕ್ಕೋರು, "ಅದ ಅಲ್ಲೇನವಾ ಸಾಕ್ಷಿ?" ಎಂದು ಬಿದ್ದು ಬಿದ್ದು ನಕ್ಕರು. ಏನೇನು ಪರೀಕ್ಷಿಸಿದೆವು, ಏನು ಕಂಡಿತು ಎಂಬುದನ್ನು ಪ್ರಮಾಣಪತ್ರವಾಗಿ ಬರೆದು ಉತ್ತರದ ಜೊತೆಗೆ ಕಳಿಸಿದರು.

ಉತ್ತರ ಹೋದ ಮೇಲೆ ವಿಚಾರಣೆಗೆ ಕರೆ ಬಂತು. ಪರೀಕ್ಷಕರ ಮೇಲಿನ ಅಧಿಕಾರಿ ನಮ್ಮ ಮಾತು ಕೇಳಿ ತೀರ್ಪು ಕೊಡುತ್ತಾರೆ, ಅದೂ ವಿಡಿಯೊದಲ್ಲಿ. ಉಳಿದಿದ್ದ ಆಕ್ಷೇಪಣೆ ಒಂದೇ, 'ಬರೀ ಜೋಡಣೆ'. ಕೊಂಡಿಯನ್ನು ಮೊದಲೇ ಒಳಗೆ ಸೇರಿಸಿದ್ದರೆ ಇದು ಬರುತ್ತಿರಲಿಲ್ಲವೇನೋ. ಅಕ್ಕೋರು ಮಾತ್ರ 'ನಾ ಹೇಳಿದ್ದೆ' ಎಂದು ಒಂದು ಸಲವೂ ಅನ್ನಲಿಲ್ಲ.

ವಿಚಾರಣೆಯ ದಿನ ಗಂಡ ಅಂಗಡಿ ಮುಚ್ಚಿ ಬಂದರು. ಅವ್ವನೂ ಕಟಕೋಳದಿಂದ ಬಂದಳು, ಇಳಕಲ್ ಸೀರೆ ಉಟ್ಟು, ಮದುವೆಗೆ ಹೊರಟವಳಂತೆ. ಪರದೆಯ ಮೇಲೆ ಕಾಣಿಸಿದ ಅಧಿಕಾರಿ ಒಬ್ಬ ಹೆಣ್ಣುಮಗಳು. ಅಕ್ಕೋರು ಇಂಗ್ಲಿಷಿನಲ್ಲಿ ಶಾಂತವಾಗಿ ವಿವರಿಸುತ್ತ ಹೋದರು, ನಾನು ಸಲಕರಣೆ ಹಿಡಿದು ತೋರಿಸಿದೆ. ಅಧಿಕಾರಿ ನಮ್ಮ ಕಾಗದಗಳನ್ನು ಅಕ್ಷರ ಬಿಡದೆ ಓದಿದ್ದರು ಎಂಬುದು ಅವರ ಪ್ರಶ್ನೆಯಿಂದಲೇ ತಿಳಿಯಿತು. ಬಳೆ ಮುಚ್ಚದೆ ಅಲಗು ಚಲಿಸುವುದಿಲ್ಲ ಎಂದಿದ್ದೀರಿ, ಗಿಡ ದಟ್ಟವಾಗಿ ಬಳೆ ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂದು ಕೇಳಿದರು. ಅಕ್ಕೋರು ಅದನ್ನು ನನಗೆ ಕನ್ನಡದಲ್ಲಿ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅವ್ವನ ದನಿ ಬಂತು:

"ನಿಂತ್ರ ನಿಲ್ಲತೈತ್ರಿ ಬಾಯಾರ. ಆ ಗಿಡಾ ಬಿಟ್ಟ ಮುಂದಿಂದಕ್ಕ ಹೋಗೂದು. ನಮ್ಮ ಕಾಲ ಉಳೀಬೇಕಲ್ರಿ!"

ಅಕ್ಕೋರು ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಅಧಿಕಾರಿಯ ಮುಖದಲ್ಲಿ ನಗು ಮೂಡಿತು. ಆಮೇಲೆ ಅವರು, ಹಾಗಿದ್ದರೆ ಈ ಸಾಧನದ ಜೀವವೇ ಆ ಕೊಂಡಿಯಲ್ಲಿದೆ, ಅದೇಕೆ ಮುಖ್ಯ ಬೇಡಿಕೆಯಲ್ಲಿಲ್ಲ ಎಂದು ಕೇಳಿದರು. ಅಕ್ಕೋರು ನಮ್ಮತ್ತ ತಿರುಗಿ ಮೈಕು ಮುಚ್ಚಿದರು.

"ಏನ ಅಂತೀರಿ?" ಎಂದು ಗಂಡನನ್ನು ಕೇಳಿದರು. "ಕೊಂಡಿ ತಗದ ಮಾಡಿದ್ರ ಅವರ ಗಿರಾಕಿ ಕಾಲ ಕೊಯ್ಕೋತಾರ. ಅಂಥಾದ್ದ ಯಾರ ತಗೋತಾರ್ರಿ?"

ಗಂಡ ಅವ್ವನ ಕಾಲಿನತ್ತ ನೋಡಿದರು, ಆಮೇಲೆ ತಲೆ ಆಡಿಸಿದರು. "ಸೇರಸ್ರಿ ಅಕ್ಕೋರ."

ತಿದ್ದಿದ ಬೇಡಿಕೆಯನ್ನು ಅಕ್ಕೋರು ಮೊದಲೇ ಬರೆದು ಸಿದ್ಧವಾಗಿ ಇಟ್ಟುಕೊಂಡಿದ್ದರು. ಹೀಗಾಗಬಹುದೆಂದು ಆ ಹಳೆಯ ಕಡತಗಳನ್ನು ಓದಿದಾಗಲೇ ಅವರಿಗೆ ಅನಿಸಿತ್ತಂತೆ. ಗಡುವಿನೊಳಗೆ ಅದು ಹೋಯಿತು. ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ನಾನು ಗಿರಾಕಿಯೊಬ್ಬರಿಗೆ ಕಿಟಕಿಯ ಅಳತೆ ಬರೆದುಕೊಳ್ಳುತ್ತಿದ್ದಾಗ ಫೋನ್ ಬಂತು. "ಸಿಕ್ಕಿತವಾ," ಎಂದಷ್ಟೇ ಅಂದರು ಅಕ್ಕೋರು. ಅಳತೆ ತಪ್ಪಿ ಬರೆದದ್ದನ್ನು ಗಿರಾಕಿಯೇ ತಿದ್ದಬೇಕಾಯಿತು. ಗಂಡ ಬೆಂಕಿ ಆರಿಸಿ ಪೇಟೆಗೆ ಹೋಗಿ ಪೇಢಾ ತಂದು ಸಾಲಿನ ಅಂಗಡಿಗಳಿಗೆಲ್ಲ ಹಂಚಿದರು.

ಪೇಟೆಂಟಿನ ಪತ್ರ ಕೈಗೆ ಬಂದ ಮೇಲೆ ನನಗೊಂದು ಆಸೆಯಾಯಿತು. ಆ ವರದಿ ಬರೆದ ಪರೀಕ್ಷಕರಿಗೆ ನಾಲ್ಕು ಸಾಲು ಬರೆಯಬೇಕು. ಅವರು ಹಳೆಯ ಯಂತ್ರಗಳನ್ನು ಹುಡುಕಿ ನಮ್ಮ ಮುಂದಿಟ್ಟಿದ್ದರಿಂದಲೇ ನಮ್ಮದರಲ್ಲಿ ನಿಜವಾಗಿ ಹೊಸದೇನು ಎಂದು ನಮಗೇ ಗೊತ್ತಾಯಿತು. ಎಲ್ಲ ಮುಳ್ಳಿನ ಬೆಳೆಗೂ ಹಕ್ಕು ಕೇಳಿದ್ದವಳು ನಾನು, ನನ್ನ ಕೈಯಲ್ಲಿದ್ದ ನಿಜವಾದ ವಸ್ತು ಆ ಸಣ್ಣ ಕೊಂಡಿ ಎಂದು ತೋರಿಸಿಕೊಟ್ಟದ್ದು ಅವರ ಬಿಗಿತನ. ಅಕ್ಕೋರು ಬೇಡವೆಂದರು.

"ಅವರಿಗೆ ಹಂಗ ಬರೆಯೂದು ಛಲೋ ಕಾಣೂದಿಲ್ಲ. ಅವರು ತಮ್ಮ ಕೆಲಸಾ ಮಾಡ್ಯಾರ, ಮನಸ್ಸಿಟ್ಟ ಮಾಡ್ಯಾರ. ನೀ ಮನಸಿನ್ಯಾಗ ಇಟಗೋ."

ಹಾಗೇ ಇಟ್ಟುಕೊಂಡಿದ್ದೇನೆ. ಅವರ ಮುಖ ನಾನು ನೋಡಿಲ್ಲ, ಗಂಡೋ ಹೆಣ್ಣೋ ಎಂಬುದೂ ಹೆಸರಿನಿಂದ ತಿಳಿಯುವಂತಿರಲಿಲ್ಲ. ಆದರೆ ಅವರು ಬರೆದದ್ದನ್ನು ಭಾನುವಾರಗಟ್ಟಲೆ ಓದಿ, ಅವರು ಯಾವುದಕ್ಕೆ ಒಪ್ಪುತ್ತಾರೆ, ಎಲ್ಲಿ ಅನುಮಾನ ಪಡುತ್ತಾರೆ ಎಂದು ತಿಳಿದ ಮೇಲೆ ಪರಿಚಯದವರಂತೆಯೇ ಅನಿಸುತ್ತಾರೆ. ಎಲ್ಲೋ ದೂರದ ಊರಿನ ಕಚೇರಿಯಲ್ಲಿ ಕುಳಿತು, ಕಟಕೋಳದ ಹೊಲ ಹೇಗಿದೆಯೆಂದು ಗೊತ್ತಿಲ್ಲದವರೊಬ್ಬರು ನನ್ನ ಚಿತ್ರದ ಒಂದೊಂದು ಗೆರೆಯನ್ನೂ ಅಷ್ಟು ಗಮನವಿಟ್ಟು ನೋಡಿದರಲ್ಲ ಎಂದು ನೆನೆದಾಗ ಮನಸ್ಸು ತುಂಬುತ್ತದೆ.

ಅಕ್ಕೋರ ಬಳಿ ಈಗ ಜನ ಬರುತ್ತಾರೆ. ಕಿತ್ತೂರಿನ ಒಬ್ಬ ಹಿಟ್ಟಿನ ಗಿರಣಿಯವರನ್ನು ನಾನೇ ಕರೆದುಕೊಂಡು ಹೋಗಿದ್ದೆ. ಅವರು ಮಾಡಿದ್ದ ಜರಡಿಯಂಥದ್ದು ಮೊದಲೇ ಇದೆ ಎಂದು ಅಕ್ಕೋರು ಹುಡುಕಿ ತೋರಿಸಿ, ಅರ್ಜಿ ಹಾಕಬೇಡಿ ಎಂದರು. ಅವರು ಬೇಜಾರು ಮಾಡಿಕೊಳ್ಳದೆ, ಸುಮ್ಮನೆ ಓಡಾಡುವುದು ತಪ್ಪಿತೆಂದು ಕೈಮುಗಿದು ಬಂದರು.

ನಮ್ಮ ಸಲಕರಣೆ ರಾಮದುರ್ಗದ ಒಂದು ಅಂಗಡಿಯಲ್ಲಿ ಮಾರಾಟವಾಗುತ್ತದೆ. ಕಳೆದ ಸುಗ್ಗಿಯಲ್ಲಿ ಸುರೇಬಾನದ ಕಡೆ ಒಂದು ಗೇಟು ಕೂಡಿಸಲು ಹೋದಾಗ, ರಸ್ತೆಯ ಪಕ್ಕದ ಹೊಲದಲ್ಲಿ ಹೆಂಗಸೊಬ್ಬಳು ಅದನ್ನು ಹಿಡಿದು ಕುಸುಬೆ ಕೊಯ್ಯುತ್ತಿರುವುದು ಕಂಡಿತು. ಮಧ್ಯಾಹ್ನದ ಉರಿಬಿಸಿಲು, ಬರಿಗೈ. ಗಂಡನಿಗೆ ಗಾಡಿ ನಿಲ್ಲಿಸಲು ಹೇಳಿ ಬದುವಿನ ಮೇಲೆ ಹೋಗಿ ನಿಂತೆ. ನಾನು ಯಾರೆಂದು ಹೇಳಲಿಲ್ಲ.

"ಹ್ಯಾಂಗೈತಿ ಯಕ್ಕಾ ಅದು?" ಎಂದು ಕೇಳಿದೆ.

ಅವಳು ಗಿಡವನ್ನು ಗುಂಪಿಗೆ ಹಾಕಿ, ಬೆನ್ನು ನೆಟ್ಟಗೆ ಮಾಡಿದಳು. "ಛಲೋ ಐತಿ. ಮುಳ್ಳ ತಾಗೂದಿಲ್ಲ ನೋಡ. ಆದ್ರ ವಜ್ಜಿ ಐತವಾ, ಸಂಜೀಕ ಭುಜಾ ಹಿಡೀತಾವು. ಮಾಡಿದವರಿಗೆ ಅಷ್ಟ ತಿಳೀಬಾರದೇನು?"

"ಎಲ್ಲಿ ವಜ್ಜಿ ಅನಸತೈತಿ? ಹಿಡಿಕ್ಯಾಗೋ, ತುದಿಗೋ?"

"ತುದಿಗಿ," ಅಂದಳು ಅವಳು. ಹಿಡಿದು ನೋಡೆಂದು ಅದನ್ನು ನನ್ನ ಕೈಗೆ ಕೊಟ್ಟು, ತಾನು ಬದುವಿನ ಮೇಲೆ ಕುಳಿತು ತಂಬಿಗೆಯ ನೀರು ಕುಡಿದಳು. ನಾನು ಅವಳ ಸಾಲಿನ ಒಂದು ಗಿಡ ಕೊಯ್ದೆ, ಇನ್ನೊಂದು ಕೊಯ್ದೆ. ಅವಳು ಹೇಳಿದ್ದು ನಿಜ. ತುದಿ ಭಾರವಿತ್ತು. ಬಳೆಗೆ ಇನ್ನೂ ತೆಳುವಾದ ಸರಳು ಸಾಕು ಎಂದು ಲೆಕ್ಕ ಹಾಕುತ್ತ, ನಾನು ಆ ಸಾಲಿನ ಕೊನೆಯವರೆಗೂ ಕೊಯ್ಯುತ್ತ ಹೋದೆ.